ಕಟ್ಟಂದ ಕೈಬೇಗಿಂಗೆ: ಹೆಮ್ಮಕ್ಕಳ ಪ್ರಯಾಣದ ವಸ್ತ್ರಂಗಳ ಕತೆ

"ಕ್ಯಾಪ್ಸೂಲ್ ವಾರ್ಡ್‌ರೋಬ್" ಹೇಳುವ ಮಾತು ಈಗಾಣ ಮಕ್ಕಳ ಬಾಯಿಲಿ ಸುಮಾರು ಕೇಳ್ತು. ಹತ್ತೋ ಹನ್ನೆರಡೋ ವಸ್ತ್ರ. ಏವುದರ ಒಟ್ಟಿಂಗೆ ಏವುದರ ಹಾಕಿರೂ ಹೊಂದೆಕ್ಕು. ತಿಂಗಳುಗಟ್ಲೆ ತಿರುಗಿರೂ ಸಾಲೆಕ್ಕು. ನೋಡ್ಲೂ ಚೆಂದ ಇರೆಕ್ಕು. ಎಲ್ಲವೂ ಕೈಲಿ ಹಿಡ್ಕೊಂಡು ವಿಮಾನ ಹತ್ತುವ ಒಂದು ಸಣ್ಣ ಬೇಗಿನ ಒಳ ಕೂರೆಕ್ಕು. 1970ರ ದಶಕಲ್ಲಿ ಲಂಡನಿಲಿ "ವಾರ್ಡ್‌ರೋಬ್" ಹೇಳಿ ವಸ್ತ್ರದಂಗಡಿ ಮಾಡಿಗೊಂಡಿದ್ದ ಸೂಸಿ ಫಾಕ್ಸ್ ಈ ಹೆಸರಿನ ಬಳಕೆಗೆ ತಂದವು. 1985ರಲ್ಲಿ ಅಮೇರಿಕದ ಡೋನಾ ಕ್ಯಾರನ್, ಏಳೇ ವಸ್ತ್ರಲ್ಲಿ ಎಲ್ಲ ಸುಧಾರಿಸುಲೆ ಎಡಿಗು ಹೇಳಿ ತೋರುಸಿ ಹೆಸರು ಮಾಡಿದವು.

ಇದರ ಎಲ್ಲ ಓದುವಗ ಎನಗೆ ನೆಂಪಪ್ಪದು ನಮ್ಮ ಅಜ್ಜಿಯಕ್ಕಳ. ಅವಕ್ಕೆ ಏಳು ವಸ್ತ್ರ ಇದ್ದರೆ ಅದು ದೊಡ್ಡ ಸಿರಿ. ಅಂಬಗ ಅಜ್ಜಿಯಕ್ಕೊಗೆ ಇದು ಮದಲೇ ಗೊಂತಿತ್ತು ಹೇಳಿ ಹೆಮ್ಮೆಲಿ ಹೇಳಿಕ್ಕುಲಕ್ಕು. ಸುಮಾರು ಜನ ಹಾಂಗೆ ಹೇಳ್ತವುದೇ. ಆದರೆ ಕಮ್ಮಿ ಇಪ್ಪದಕ್ಕೂ, ಇಪ್ಪದರಲ್ಲಿ ಕಮ್ಮಿಯ ನಾವೇ ಆಯ್ಕೊಂಬದಕ್ಕೂ ವೆತ್ಯಾಸ ಇದ್ದು. ಪುತ್ತೂರು, ಸುಳ್ಯ, ಕಡಬದ ಹೊಡೆಲಿ ಹೆಮ್ಮಕ್ಕೊ ದೂರ ಹೋಪಗ ಎಂತ ತೆಕ್ಕೊಂಡು ಹೋಗಿಗೊಂಡಿತ್ತವು, ಏವುದರಲ್ಲಿ ತುಂಬುಸಿಗೊಂಡಿತ್ತವು, ಅದರ ಆರು ತೀರ್ಮಾನ ಮಾಡಿಗೊಂಡಿತ್ತವು — ಅಷ್ಟರ ಒಂದರಿ ಬರದು ಮಡುಗುವ° ಹೇಳಿ ಕಂಡತ್ತು.

ಪ್ರಯಾಣದ ಕಟ್ಟದ ಹಳೇ ರೂಪ ಈಗಳೂ ಉಪನಯನದ ಮನೆಲಿ ನೋಡ್ಲೆ ಸಿಕ್ಕುತ್ತು. ಮಾಣಿ ಕಾಶಿಯಾತ್ರೆಗೆ ಹೆರಡ್ತ°. ಕೈಲಿ ಕೊಡೆ, ದಂಡ. ಹೆಗಲಿಲಿ ಒಂದು ಸಣ್ಣ ಕಟ್ಟ. ಮಾವ° ಅಡ್ಡ ಬಂದು, ಕೂಸು ಕೊಡ್ತೆ, ತಿರುಗಿ ಬಾ ಹೇಳಿ ಕರಕ್ಕೊಂಡು ಬತ್ತ°. ಎಲ್ಲೋರೂ ನೆಗೆ ಮಾಡ್ತವು, ಫೋಟೊ ತೆಗೆತ್ತವು. ಆದರೆ ಆ ಕಟ್ಟವ ರಜ್ಜ ನೋಡಿ. ಕಾಶಿಗೆ ನೆಡದು ಹೋಗಿ ಬಪ್ಪ ಕಾಲಲ್ಲಿ ಹೆಗಲು ತಡವಷ್ಟೇ ಸಾಮಾನು. ಅದಕ್ಕಿಂತ ಹೆಚ್ಚು ಹೊರ್ಲೆ ಎಡಿಯ. ಪ್ರಪಂಚದ ಎಲ್ಲ ಕೈಬೇಗಿನ ಅಜ್ಜ° ಅದೇ ಕಟ್ಟ. ಕೂಸುಗೊಕ್ಕೆ ಮಾಂತ್ರ ಈ ಶಾಸ್ತ್ರ ಇಲ್ಲೆ. ಕೂಸಿನ ದೊಡ್ಡ ಪ್ರಯಾಣ ಹೇಳಿರೆ ಮದುವೆ ಕಳುದು ಗೆಂಡನ ಮನೆಗೆ. ಮತ್ತಾಣದ್ದು ಅಲ್ಲಿಂದ ಅಪ್ಪನಮನೆಗೆ.

ಆ ಅಪ್ಪನಮನೆ ಪ್ರಯಾಣವೇ ನಮ್ಮ ಹೊಡೆಯ ಹೆಮ್ಮಕ್ಕಳ "ದೀರ್ಘ ರಜೆ". ತುಳುನಾಡಿಲಿ ಹೊಸತ್ತಾಗಿ ಮದುವೆ ಆದ ಕೂಸು ಆಟಿ ತಿಂಗಳು ಅಪ್ಪನಮನೆಲಿ ಕೂಪ ಕ್ರಮ ಇದ್ದು. ಆಟಿ ಹೇಳಿರೆ ಜುಲೈ ಮಧ್ಯಂದ ಆಗಸ್ಟ್ ಮಧ್ಯದ ವರೆಗೆ, ಮಳೆ ಬಿಡದ್ದೆ ಹೊಯ್ವ ಸಮಯ. ಬಸ್ಸು ಇಲ್ಲದ್ದ ಕಾಲಲ್ಲಿ ನೆಡದೇ ಹೋಯೆಕ್ಕು. ಕಟ್ಟಪ್ಪುಣಿಲಿ ಜಾರದ್ದೆ ಹೋಯೆಕ್ಕು, ತೋಡಿಂಗೆ ಹಾಕಿದ ಅಡಕ್ಕೆ ಮರದ ಸಂಕವ ದಾಂಟೆಕ್ಕು, ಪಯಸ್ವಿನಿಯೋ ಕುಮಾರಧಾರೆಯೋ ಅಡ್ಡ ಬಂದರೆ ದೋಣಿ ಕಾಯೆಕ್ಕು. ಒಂದು ಕೈಲಿ ಓಲೆ ಕೊಡೆ, ಇನ್ನೊಂದು ಕೈಲಿ ಸೀರೆಯ ನೆರಿ. ಅಂಬಗ ಸಾಮಾನು ಎಲ್ಲಿ? ತಲೆಲಿ, ಅಲ್ಲದ್ದರೆ ಸೊಂಟಲ್ಲಿ. ಹಾಂಗಾಗಿ ಪೆಟ್ಟಿಗೆ ಆಗ, ಕಟ್ಟವೇ ಆಯೆಕ್ಕು. ಬೇಗು ಹೇಂಗಿರೆಕ್ಕು ಹೇಳಿ ತೀರ್ಮಾನ ಮಾಡುದು ಯೇವಗಳೂ ದಾರಿ, ನಾವಲ್ಲ.

ಎನ್ನ ಅಜ್ಜಿ ಹೇಳಿಗೊಂಡಿತ್ತ ಲೆಕ್ಕ ಹೀಂಗೆ: ಮೈಲಿ ಒಂದು ಸೀರೆ, ಕಟ್ಟಲ್ಲಿ ಎರಡು, ಒಂದು ಬೈರಾಸು. ಎರಡರಲ್ಲಿ ಒಂದು ನಿತ್ಯಕ್ಕೆ, ಇನ್ನೊಂದು ಪಟ್ಟೆ ಸೀರೆ. ಪಟ್ಟೆ ಸೀರೆ ಡೌಲಿಂಗೆ ಅಲ್ಲ. ಹತ್ತಿ ಸೀರೆ ಮಡಿ ಆಯೆಕ್ಕಾರೆ ಒಗದು, ಆರೂ ಮುಟ್ಟದ್ದ ಹಾಂಗೆ ಒಣಗೆಕ್ಕು. ಆಟಿಲಿ ಅದು ಒಣಗುದು ಯೇವಗ? ರೇಷ್ಮೆಗೆ ಆ ನಿಯಮ ಅಷ್ಟು ಬಿಗಿ ಇಲ್ಲೆ. ಒಂದೇ ಸೀರೆ ಪೂಜೆಗೂ ಆತು, ಜೆಂಬ್ರಕ್ಕೂ ಆತು, ಬೇಗ ಒಣಗಿಯೂ ಹೋತು. ಚೆಂಡಿ ಸೀರೆಯ ಅಟ್ಟುಂಬೊಳದ ಒಲೆಯ ಮೇಗೆ ಕಟ್ಟಿದ ಬಳ್ಳಿಲಿ ಹರಗಿ, ಹೊಗೆ ವಾಸನೆ ಇಪ್ಪಗಳೇ ಮರದಿನ ಸುತ್ತಿಗೊಂಬದು. ಈಗಾಣವು ಒಂದು ವಸ್ತ್ರ ಮೂರು ಕೆಲಸಕ್ಕೆ ಆಯೆಕ್ಕು ಹೇಳುವ ಬುದ್ಧಿವಂತಿಕೆ ಇದುವೇ. ಆದರೆ ಅಜ್ಜಿ ಅದರ ಬುದ್ಧಿವಂತಿಕೆ ಹೇಳಿ ಹೇಳಿದ್ದಿಲ್ಲೆ. "ಇದ್ದದು ಅಷ್ಟೇ ಮಗಳೇ" ಹೇಳುಗು.

ಎಲ್ಲೋರಿಂದ ಹಗುರದ ಕಟ್ಟ ಆರದ್ದು ಗೊಂತಿದ್ದೋ? ಗೆಂಡ ಸತ್ತ ಹೆಮ್ಮಕ್ಕಳದ್ದು. ತಲೆ ಬೋಳುಸಿದ ಮೇಲೆ ಒಂದೇ ಬಣ್ಣದ ಕೆಂಪು ಸೀರೆ, ರವಕ್ಕೆ ಇಲ್ಲೆ, ಬಳೆ ಇಲ್ಲೆ, ಹೂಗು ಇಲ್ಲೆ. ಬಣ್ಣ ಹೊಂದುತ್ತೋ ಇಲ್ಲೆಯೋ ಹೇಳಿ ಆಲೋಚನೆ ಮಾಡೆಕ್ಕಾದ ಕೆಲಸವೇ ಇಲ್ಲೆ. ಕಾಶಿಗೆ, ರಾಮೇಶ್ವರಕ್ಕೆ ಹೋಪ ಗುಂಪಿಲಿ ಹಾಂಗಿಪ್ಪವು ಇದ್ದೇ ಇಕ್ಕು. ಕಮ್ಮಿ ವಸ್ತ್ರಲ್ಲಿ ಬದುಕ್ಕುದು ಚೆಂದ ಹೇಳುವ ಮೊದಲು ನಾವು ಅವರ ಒಂದರಿ ಗ್ರೇಶೆಕ್ಕು. ಅವರ ಹಗುರ ಅವು ಆಯ್ಕೊಂಡದಲ್ಲ. ಅವರ ಕೈಂದ ಬಿಡುಸಿದ್ದು.

ಮತ್ತೆ ದಾರಿ ಬದಲಿತ್ತು. 1907ರಲ್ಲಿ ಮಂಗಳೂರಿಂಗೆ ರೈಲು ಬಂತು, ಮದ್ರಾಸಿಂಗೆ ಸಂಪರ್ಕ ಆತು. 1914ರಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿ ಮಂಗಳೂರಿಲಿ ಹುಟ್ಟಿತ್ತು, ಜಿಲ್ಲೆಯ ಮಾರ್ಗಂಗಳಲ್ಲಿ ಬಸ್ಸು ಓಡುಲೆ ಸುರುವಾತು. ತಲೆಲಿ ಹೊರೆಕ್ಕಾದ ಕಟ್ಟ ಬಸ್ಸಿನ ಮಾಡಿಂಗೆ ಹತ್ತಿತ್ತು. ಮಾಡಿಲಿ ಮಳೆ, ಧೂಳು, ಒಂದರ ಮೇಲೆ ಒಂದು ಸಾಮಾನು. ಅಲ್ಲಿಗೆ ವಸ್ತ್ರದ ಕಟ್ಟ ಸಾಲ, ಗಟ್ಟಿ ಪೆಟ್ಟಿಗೆ ಬೇಕು. ಹೀಂಗೆ ತಗಡಿನ ಟ್ರಂಕು ನಮ್ಮ ಮನೆಗೊಕ್ಕೆ ಬಂತು.

ಟ್ರಂಕಿನ ಮುಚ್ಚಲು ಚಪ್ಪಟೆ ಇಪ್ಪದಕ್ಕೂ ಒಂದು ಕತೆ ಇದ್ದು. ಯುರೋಪಿಲಿ ಮದಲಾಣ ಪ್ರಯಾಣದ ಪೆಟ್ಟಿಗೆಗೊಕ್ಕೆ ಡೊಂಕು ಮುಚ್ಚಲು, ನೀರು ಹರುದು ಹೋಪ ಹಾಂಗೆ. 1858ರಲ್ಲಿ ಪ್ಯಾರಿಸಿನ ಲೂಯಿ ವಿಟಾನ್, ನೀರು ಇಳಿಯದ್ದ ಕ್ಯಾನ್‌ವಾಸು ಅಂಟುಸಿ ಚಪ್ಪಟೆ ಮುಚ್ಚಲಿನ ಪೆಟ್ಟಿಗೆ ಮಾಡಿದ°. ರೈಲಿಲಿ, ಹಡಗಿಲಿ ಒಂದರ ಮೇಲೆ ಒಂದು ಅಟ್ಟಿ ಹಾಕುಲೆ ಅದು ಸುಲಾಬ ಆತು. ನಮ್ಮ ಹೊಡೆಲಿ ಆ ಚಪ್ಪಟೆ ಮುಚ್ಚಲಿಂಗೆ ಇನ್ನೊಂದು ಉಪಕಾರ ಇತ್ತು. ಬಸ್ಸು ಕಾವಗ ಮಾರ್ಗದ ಕರೆಲಿ ಅದರ ಮೇಲೆಯೇ ಕೂಪದು!

ಟ್ರಂಕಿನ ಜೊತೆಗಾರ° ಹೋಲ್ಡಾಲು. ಗಟ್ಟಿ ಕ್ಯಾನ್‌ವಾಸಿನ ಉದ್ದದ ಹಾಸು, ಒಳ ಎರಡು ಹೊಡೆಲಿ ಜೇಬು. ಹೊದಿಕೆ, ತಲೆಕೊಂಬು, ವಸ್ತ್ರ ಎಲ್ಲ ಮಡುಗಿ ಸುರುಳಿ ಸುತ್ತಿ ಚರ್ಮದ ಪಟ್ಟಿ ಕಟ್ಟುದು. ಬಣ್ಣ ಹೆಚ್ಚಾಗಿ ಖಾಕಿ. ಖಾಕಿಗೂ ಮಂಗಳೂರಿಂಗೂ ನಂಟು ಹಳತ್ತು. ಬಾಸೆಲ್ ಮಿಶನಿನ ನೇಯ್ಗೆ ಕೆಲಸಕ್ಕೆ 1851ರಲ್ಲಿ ಬಂದ ಜಾನ್ ಹಾಲರ್, ಮಂಗಳೂರಿನ ಬಲ್ಮಠಲ್ಲಿ ಖಾಕಿ ಬಣ್ಣದ ವಸ್ತ್ರ ಮಾಡಿ ಹೆಸರು ತೆಕ್ಕೊಂಡ°. ಧೂಳು ಕಾಣದ್ದ ಬಣ್ಣ ಪ್ರಯಾಣಕ್ಕೆ ಒಳ್ಳೆದು ಹೇಳುದು ಅಂಬಗಂದ ಇಂದಿಂಗೂ ಬದಲಿದ್ದಿಲ್ಲೆ.

ಇನ್ನೊಂದು ಪ್ರಯಾಣದ ಶುದ್ದಿ ಇಲ್ಲಿ ಹೇಳೆಕ್ಕು. 1931ರಲ್ಲಿ ಗಾಂಧೀಜಿ ದುಂಡುಮೇಜಿನ ಸಭೆಗೆ "ರಾಜಪುತಾನಾ" ಹೇಳುವ ಹಡಗಿಲಿ ಲಂಡನಿಂಗೆ ಹೋದವು. ಒಟ್ಟಿಂಗೆ ಇದ್ದವು ಸೂಟ್‌ಕೇಸುಗಳ ತುಂಬ ಸಾಮಾನು ತಂದದು ನೋಡಿ ಅವಕ್ಕೆ ಸರಿ ಕಂಡಿದಿಲ್ಲೆ. ಹೆಚ್ಚಿಗೆ ಇದ್ದದರ ಏಡನ್ ಬಂದರಿಂದಲೇ ಹಿಂದೆ ಕಳುಸುಸಿದವು. ಸಣ್ಣ ವಸ್ತ್ರ ಸುತ್ತುವ ಕ್ರಮವ ಅವು 1921ರಲ್ಲಿ ಮಧುರೆಲಿ ಸುರು ಮಾಡಿತ್ತಿದ್ದವು. ಅದೇ ಗಾಂಧೀಜಿ 1934ರ ಫೆಬ್ರವರಿಲಿ ಹರಿಜನ ಯಾತ್ರೆಲಿ ಕೊಡಗಿಂದ ಘಾಟಿ ಇಳುದು ಸುಳ್ಯಕ್ಕೆ, ಪುತ್ತೂರಿಂಗೆ ಬಂದವು. ಆ ಯಾತ್ರೆಲಿ ಹೋದಲ್ಲೆಲ್ಲ ಹೆಮ್ಮಕ್ಕೊ ಮೈಯ ಚಿನ್ನ ತೆಗದು ಕೊಟ್ಟಿದವು. ಗಾಂಧೀಜಿಯ ಹಗುರ ಬೇರೆ ನಮೂನೆದು. ಬ್ಯಾರಿಸ್ಟರ್ ಆಗಿ ಸೂಟು ಹಾಕಿದ ಮನುಷ್ಯ° ಬೇಡ ಹೇಳಿ ಬಿಟ್ಟದು ಅದು. ಬಿಡೆಕ್ಕಾರೆ ಮದಲು ಇರೆಕ್ಕು. ಚಿನ್ನ ಕೊಟ್ಟ ಹೆಮ್ಮಕ್ಕೊಗೂ ಬಹುಶಃ ಆ ಒಂದು ಗಳಿಗೆಲಿ, ಕೊಡೆಕ್ಕೋ ಬೇಡದೋ ಹೇಳಿ ತಾನೇ ತೀರ್ಮಾನ ಮಾಡುವ ಸಂತೋಷ ಸಿಕ್ಕಿಕ್ಕು.

ಸ್ವಾತಂತ್ರ್ಯ ಕಳುದ ಮೇಲೆ ವಸ್ತ್ರವೇ ಬದಲಿತ್ತು. ಅಮೇರಿಕಲ್ಲಿ 1938ರಲ್ಲಿ ನೈಲಾನ್, ಇಂಗ್ಲೆಂಡಿಲಿ 1941ರಲ್ಲಿ ಟೆರಿಲಿನ್ — ಈ ಎರಡು ನೂಲು ನಮ್ಮ ಪುತ್ತೂರು ಪೇಟೆಗೆ ಬಂದು ಮುಟ್ಟುವಗ ಸುಮಾರು ವರ್ಷ ಕಳುದಿತ್ತು. ಬಂದಪ್ಪಗ ಹೆಮ್ಮಕ್ಕೊ ಎರಡು ಕೈಲಿಯೂ ಹಿಡ್ಕೊಂಡವು. ಎಂತಕೆ ಹೇಳಿರೆ ಒಗದರೆ ಒಂದು ಗಂಟೆಲಿ ಒಣಗುತ್ತು, ಇಸ್ತ್ರಿ ಬೇಡ, ಮಡುಸಿರೆ ಅಂಗೈ ಅಗಲ. ಬೇಸಗೆಲಿ ಬೆಗರುತ್ತು, ಒಲೆ ಹತ್ತರೆ ಹೆದರಿಕೆ, ಅದು ಅಪ್ಪು. ಆದರೆ ಪ್ರಯಾಣಕ್ಕೆ ಅಷ್ಟು ಸುಲಾಬದ ಸೀರೆ ಅಲ್ಲಿವರೆಗೆ ಬಂದಿತ್ತಿಲ್ಲೆ. ಎನ್ನಬ್ಬೆ ತೀರ್ಥಯಾತ್ರೆಗೆ ಹೋಪಗ ಹೂಗಿನ ಚಿತ್ರದ ಎರಡು ನೈಲೆಕ್ಸು ಸೀರೆಯ ನಂಬಿಯೇ ಹೋದ್ದು. ಆಟಿಯ ಒಲೆಯ ಮೇಗಾಣ ಬಳ್ಳಿಂದ ಹೆಮ್ಮಕ್ಕಳ ಬಿಡುಸಿದ್ದು ನಿಜವಾಗಿ ನೈಲಾನೇ ಹೇಳಿ ಎನಗೆ ಕಾಣ್ತು.

1979ರಲ್ಲಿ ಮಂಗಳೂರು–ಹಾಸನ ಮೀಟರ್‌ಗೇಜ್ ರೈಲು ಪುತ್ತೂರಿಲಿ ಆಗಿ, ನೆಟ್ಟಣದ ಸುಬ್ರಹ್ಮಣ್ಯ ರೋಡ್ ಸ್ಟೇಷನಿಲಿ ಆಗಿ ಘಾಟಿ ಹತ್ತುಲೆ ಸುರುವಾತು. ಬೆಂಗ್ಳೂರು ಹತ್ತರೆ ಆತು. ಟ್ರಂಕಿನ ಜಾಗೆಗೆ ಸೂಟ್‌ಕೇಸು ಬಂತು. ಮದುವೆಲಿ ಕೂಸಿಂಗೆ ವಿಐಪಿಯೋ ಅರಿಸ್ಟೋಕ್ರಾಟೋ ಒಂದು ಗಟ್ಟಿ ಸೂಟ್‌ಕೇಸು ಕೊಡುದು ಕ್ರಮವೇ ಆಗಿ ಹೋತು. ಎನಗೂ ಕೊಟ್ಟಿದವು. ಆದರೆ ಅದು "ಎನ್ನ" ಸೂಟ್‌ಕೇಸು ಆಗಿ ಇದ್ದದು ಮೊದಲಾಣ ಒಂದು ವರ್ಷ. ಮತ್ತೆ ಮನೆಯವರ ಎಲ್ಲೋರ ಪ್ರಯಾಣಕ್ಕೆ ಅದು ಒಂದೇ. ಮೇಲೆ ಗೆಂಡುಮಕ್ಕಳ ಇಸ್ತ್ರಿ ಹಾಕಿದ ಅಂಗಿ, ಅದರ ಕೆಳ ಮಕ್ಕಳ ವಸ್ತ್ರ, ಕರೇಲಿ ಬೆಶಿನೀರಿನ ಪ್ಲಾಸ್ಕು, ಮಕ್ಕಳ ಮದ್ದು. ನಮ್ಮ ಸೀರೆ ಅಡಿಲಿ, ಉಳುದ ಜಾಗೆಲಿ. ತುಂಬುಸುದು ಹೆಮ್ಮಕ್ಕೊ, ಆದರೆ ತನ್ನ ಸೀರೆಯ ಅಕೇರಿಗೆ ತುರ್ಕುಸುದು. ಟ್ರಂಕಿನ ಮೇಲೆ ಬೆಳಿ ಪೈಂಟಿಲಿ ಬರದ ಹೆಸರು ಆರದ್ದಾಗಿತ್ತು ಹೇಳಿ ನೆಂಪು ಮಾಡಿ: ಮನೆ ಯಜಮಾನಂದು. ಒಳ ಇದ್ದದು ಆರ ವಸ್ತ್ರ ಆದರೂ ಹೆರ ಹೆಸರು ಅವಂದೇ.

ಇನ್ನು ಚಕ್ರದ ವಿಚಾರ. ಸೂಟ್‌ಕೇಸಿಂಗೆ ಚಕ್ರ ಹಾಕುವ ಆಲೋಚನೆ 1970ರಲ್ಲಿ ಅಮೇರಿಕದ ಬರ್ನಾರ್ಡ್ ಸ್ಯಾಡೋಗೆ ಬಂದು, 1972ರಲ್ಲಿ ಪೇಟೆಂಟ್ ಸಿಕ್ಕಿತ್ತು. ಮನುಷ್ಯ° ಚಂದ್ರನ ಮೇಲೆ ಕಾಲು ಮಡುಗಿದ್ದು 1969ರಲ್ಲಿ. ಬೇಗಿಂಗೆ ಚಕ್ರ ಬಂದದು ಅದರ ಮತ್ತೆ! ಗೆಂಡುಮಕ್ಕೊಗೆ ಎಳವದು ಮರ್ಯಾದೆ ಅಲ್ಲ, ಹೊರೆಕ್ಕು ಹೇಳಿ ಇದ್ದ ಕಾರಣ ಸುರುವಿಂಗೆ ಅಂಗಡಿಯವುದೇ ಬೇಡ ಹೇಳಿದವಡ. 1987ರಲ್ಲಿ ರಾಬರ್ಟ್ ಪ್ಲಾತ್ ಹೇಳುವ ಪೈಲಟ್ ಬೇಗಿನ ನೆಟ್ಟಂಗೆ ನಿಲ್ಲುಸಿ, ಎರಡು ಚಕ್ರ, ಉದ್ದದ ಹಿಡಿ ಹಾಕಿದ°. ಈಗ ನಾವು ಎಳವ ಕೈಬೇಗು ಅದರ ಸಂತಾನ. ಹೊರುಲೆ ಇನ್ನೊಬ್ಬ° ಬೇಕು ಹೇಳುವ ಕಾಲ ಅಲ್ಲಿಗೆ ಮುಗುತ್ತು. ಒಬ್ಬಳೇ ಹೋಪ ಹೆಮ್ಮಕ್ಕೊಗೆ ಇದು ಸಣ್ಣ ಸಂಗತಿ ಅಲ್ಲ.

ಬಜ್ಪೆ ವಿಮಾನ ನಿಲ್ದಾಣವ 1951ರ ಡಿಸೆಂಬರ್ 25ಕ್ಕೆ ನೆಹರೂ ಉದ್ಘಾಟನೆ ಮಾಡಿದವು. 2006ರಲ್ಲಿ ಅಲ್ಲಿಂದ ದುಬಾಯಿಗೆ ವಿಮಾನ ಸುರುವಾತು. ಅಷ್ಟಪ್ಪಗ ನಮ್ಮ ಮಕ್ಕೊ ದುಬಾಯಿ, ಅಮೇರಿಕ, ಆಸ್ಟ್ರೇಲಿಯ ಹೇಳಿ ಹರಡಿ ಆಗಿತ್ತು. ಮದಲು ಮಗಳು ಬಾಣಂತನಕ್ಕೆ ಅಪ್ಪನಮನೆಗೆ ಬಕ್ಕು; ಈಗ ಅಬ್ಬೆಯೇ ಮಗಳ ಮನೆಗೆ ಹೋಪದು, ನಾಲ್ಕು ತಿಂಗಳೋ ಆರು ತಿಂಗಳೋ. ಆಟಿ ಕೂಪದು ತಿರುಗಿ ಬಿದ್ದ ಹಾಂಗೆ!

ಈ ಪ್ರಯಾಣಲ್ಲಿಯೇ ನಮ್ಮವು ಕೈಬೇಗಿನ ವಿದ್ಯೆ ಕಲ್ತದು. ಅಮೇರಿಕಕ್ಕೆ ಹೋಪ ಸುಮಾರು ವಿಮಾನಲ್ಲಿ ತಲಾ 23 ಕಿಲೋದ ಎರಡು ದೊಡ್ಡ ಬೇಗು ಬಿಡ್ತವು. ಅದರಲ್ಲಿ ಎಂತ ಇರ್ತು ಹೇಳಿ ನಿಂಗೊಗೆ ಗೊಂತಿದ್ದು: ಹಲಸಿನಕಾಯಿ ಹಪ್ಪಳ, ಉಪ್ಪಿನಕಾಯಿ, ಸಾರಿನ ಹೊಡಿ, ಬಾಣಂತಿ ಲೇಹ, ಪುಳ್ಳಿಗೆ ಹಳೇ ಸೀರೆಯ ಮೆತ್ತನೆ ವಸ್ತ್ರ. ಅಬ್ಬೆಯ ವಸ್ತ್ರಕ್ಕೆ ಒಳುದ್ದು ಕೈಬೇಗಿನ 7 ಕಿಲೋ. ಅದರಲ್ಲಿ ಬೇಗಿಂದೇ ಎರಡು–ಎರಡೂವರೆ ಕಿಲೋ ಹೋತು. ಒಳುದ ನಾಲ್ಕೂವರೆ ಕಿಲೋಲ್ಲಿ ನಾಲ್ಕು ತಿಂಗಳು ಚೆಂದಕೆ ಕಾಣೆಕ್ಕು.

ಎಡಿತ್ತು. ಆನು ಮಾಡಿಗೊಂಬ ಕ್ರಮ ಹೇಳ್ತೆ, ಬೇಕಾದವು ತೆಕ್ಕೊಳ್ಳಿ.

ಸುರುವಿಂಗೆ ಸೀರೆ ಅಲ್ಲ, ರವಕ್ಕೆ ತೀರ್ಮಾನ ಮಾಡೆಕ್ಕು. ಒಂದು ಕಪ್ಪು, ಒಂದು ಕುಂಕುಮ ಬಣ್ಣದ್ದು. ಈ ಎರಡಕ್ಕೆ ಹೊಂದುವ ಸೀರೆ ಮಾಂತ್ರ ಬೇಗಿಂಗೆ. ಹೀಂಗೆ ಮಾಡಿರೆ ಮೂರು ಸೀರೆ ಆರು ಸೀರೆಯ ಹಾಂಗೆ ಕಾಣ್ತು. ಜರಿ ಇಪ್ಪ ದಪ್ಪ ಪಟ್ಟೆ ಸೀರೆ ಒಂದೇ ಮುಕ್ಕಾಲು ಕಿಲೋಂದ ಮೇಲೆ ತೂಗುತ್ತು; ಅದು ಬೇಡ. ತೆಳು ಅಂಚಿನ ರೇಷ್ಮೆ ಒಂದು ಸಾಕು. ಹತ್ತಿಲಿ ಆದರೆ ಉಡುಪಿ ಸೀರೆ ಪ್ರಯಾಣಕ್ಕೆ ಹೇಳಿ ಮಾಡುಸಿದ ಹಾಂಗೆ ಇದ್ದು, ತೆಳು ನೂಲು, ಹಗುರ. ಮಗ್ಗ ನಿಲ್ಲುತ್ತೋ ಹೇಳುವ ಹಾಂಗಾಗಿದ್ದ ಈ ಸೀರೆಗೆ ಈಗ ಪುನಃ ಜೀವ ಬೈಂದು. ನಮ್ಮ ಅಡಕ್ಕೆಯ ಚೊಗರಿಲಿ ಬಣ್ಣ ಹಾಕಿದ ಸೀರೆಗಳೂ ಬತ್ತಾ ಇದ್ದು. ಆ ಬಣ್ಣಕ್ಕೆ ಎರಡೂ ರವಕ್ಕೆ ಹೊಂದುತ್ತು.

ಸೀರೆ ಮೂರು, ಚೂಡಿದಾರ ಮೂರು, ಒಂದು ಶಾಲು. ಶಾಲು ವಿಮಾನಲ್ಲಿ ಹೊದಿಕೆ, ದೇವಸ್ಥಾನಲ್ಲಿ ಶಾಲು, ಚಳಿಗೆ ತಲೆವಸ್ತ್ರ. ಸ್ವೆಟರು, ದಪ್ಪದ ಬೂಡ್ಸು ಮೈಲಿಯೇ ಹಾಯ್ಕೊಂಡು ಹೋಪದು. ಮೈಲಿ ಇಪ್ಪದರ ಆರೂ ತೂಕ ಮಾಡ್ತವಿಲ್ಲೆ. ವಸ್ತ್ರವ ಮಡುಸುದಕ್ಕಿಂತ ಸುರುಳಿ ಸುತ್ತಿರೆ ಗೆರೆ ಬೀಳ್ತದು ಕಮ್ಮಿ. ಹೋಲ್ಡಾಲಿನ ವಿದ್ಯೆಯೇ ಅದು. ರೇಷ್ಮೆಯ ಮಾಂತ್ರ ಹಳೇ ಹತ್ತಿ ವಸ್ತ್ರಲ್ಲಿ ಸುತ್ತಿ ಮೇಲೆ ಮಡುಗಿ. ಎಣ್ಣೆ, ಶಾಂಪು ಹೇಳಿ ನೀರಿನ ನಮೂನೆದು ಏವುದೂ 100 ಮಿಲಿಗಿಂತ ದೊಡ್ಡ ಕುಪ್ಪಿಲಿ ಬೇಡ. 2006ಂದ ಮತ್ತೆ ಹೆರದೇಶದ ವಿಮಾನಂಗಳಲ್ಲಿ ಆ ಕಟ್ಟುನಿಟ್ಟು ಇದ್ದು. ಉಪ್ಪಿನಕಾಯಿಯ ಅಂತೂ ಕೈಬೇಗಿಲಿ ಮಡುಗಲೇ ಮಡುಗೆಡಿ. ಇನ್ನೊಂದು ಲಾಭ: ದೊಡ್ಡ ಬೇಗು ದಾರಿಲಿ ತಪ್ಪಿರೆ ಹೋಪದು ಹಪ್ಪಳ, ಮರದಿನ ಉಡುಲೆ ನಮ್ಮ ಕೈಲಿ ವಸ್ತ್ರ ಇದ್ದು.

ಚೂಡಿದಾರ ಹೇಳಿದೆ ಅಲ್ಲದೋ, ಅದಕ್ಕೂ ಒಂದು ಚರಿತ್ರೆ ಇದ್ದು. ಎನ್ನ ಪ್ರಾಯದ ಸುಮಾರು ಹೆಮ್ಮಕ್ಕೊ ಮದುವೆ ಆದ ಮೇಲೆ ಸುರುವಿಂಗೆ ಚೂಡಿದಾರ ಹಾಕಿದ್ದು ನಲುವತ್ತು ಕಳುದ ಮತ್ತೆ, ಅದೂ ಊರಿಂದ ಹೆರ, ಪ್ರಯಾಣಲ್ಲಿ. ರೈಲಿನ ಮೇಗಾಣ ಬರ್ತಿಂಗೆ ಹತ್ತುಲೆ ಸುಲಾಬ ಆವುತ್ತು ಹೇಳುವ ನೆವಲ್ಲಿ. ಊರಿಂಗೆ ಹತ್ತರೆ ಎತ್ತುವಗ ಪುನಃ ಸೀರೆ ಸುತ್ತಿ ಇಳುದವು ಎಷ್ಟು ಜನ ಇದ್ದವು! ಪ್ರಯಾಣದ ಬೇಗು ನಮಗೆ ವಸ್ತ್ರ ಹೊರುಲೆ ಮಾಂತ್ರ ಆದ್ದಲ್ಲ. ಮನೆಲಿ ಹಾಕುಲೆ ಎಡಿಯದ್ದರ ಒಂದರಿ ಹಾಕಿ ನೋಡ್ಲೆ ಸಿಕ್ಕಿದ ಜಾಗೆಯೂ ಅದೇ. ಈಗ ಪುತ್ತೂರು ಪೇಟೆಲಿಯೇ ಅತ್ತೆ–ಸೊಸೆ ಇಬ್ರೂ ಚೂಡಿದಾರಲ್ಲಿ ಹೋದರೆ ಆರೂ ತಿರುಗಿ ನೋಡ್ತವಿಲ್ಲೆ.

ಹಾಂಗಾಗಿ ಮಕ್ಕೊ "ಕಮ್ಮಿ ವಸ್ತ್ರವೇ ಸ್ಟೈಲು" ಹೇಳುವಗ ಆನು ಬೇಡ ಹೇಳ್ತಿಲ್ಲೆ. ಅಜ್ಜಿಯ ಲೆಕ್ಕಲ್ಲಿಯೂ ಮೂರೇ ಸೀರೆ, ಎನ್ನ ಬೇಗಿಲಿಯೂ ಮೂರೇ ಸೀರೆ. ಅಜ್ಜಿಗೆ ನಾಲ್ಕನೇದು ಇತ್ತಿಲ್ಲೆ. ಎನ್ನ ನಾಲ್ಕನೇದು ಕಪಾಟಿಲಿ ಇದ್ದು, ಬೇಡ ಹೇಳಿ ಆನೇ ಮಡುಗಿಕ್ಕಿ ಬಂದದು. ಕಪಾಟು ತುಂಬ ಸೀರೆ ಇಪ್ಪವು ಏಳು ವಸ್ತ್ರಲ್ಲಿ ಹೋಪದು ಚೆಂದವೇ. ಆದರೆ ಇಲ್ಲದ್ದವರ ಎದುರು ಅದರ ಗುಣ ಹೇಳಿ ಹೊಗಳುದು ಬೇಡ.

ನಿಂಗಳ ಮನೆಯ ಅಟ್ಟಲ್ಲಿ ಹಳೇ ಟ್ರಂಕು ಇದ್ದರೆ ಗುಜರಿಗೆ ಹಾಕುವ ಮದಲು ಒಂದರಿ ಮುಚ್ಚಲು ತೆಗೆರಿ. ಮನೆಲಿ ಎಂಬತ್ತು ಕಳುದ ಹೆಮ್ಮಕ್ಕೊ ಇದ್ದರೆ ಹತ್ತರೆ ಕೂದು ಕೇಳಿ, ಆಟಿ ಕೂಪಲೆ ಹೋಪಗ ಕಟ್ಟಲ್ಲಿ ಎಂತೆಲ್ಲ ಇತ್ತು ಹೇಳಿ. ಕೇಳಿದ್ದರ ಒಂದು ಪುಸ್ತಕಲ್ಲಿ ಬರದು, ಅವರ ಹೆಸರುದೇ ಬರದು ಮಡುಗಿ.